ಯಾರ ಬಂಡಿಯ ಇರುಸು ಯಾರ ಬಂಡಿಗೆ?

ಕಳೆದ ವಾರ ಬಂದಡ್ಕ ಕಡೆಯ ತರುಣನೊಬ್ಬ ನನ್ನ ಕಚೇರಿಗೆ ಬಂದಿದ್ದ. ಕೈಯಲ್ಲಿ ಹಳೆಯ ಮಾದರಿಯ ಥಾರ್ ಸಿಆರ್‌ಡಿಇ ಜೀಪಿನ ಆರ್.ಸಿ. ಪ್ರತಿ. "ವಕೀಲರೇ, ಗುಜರಿಯಿಂದ ಒಂದು ಮುಂದಿನ ಆಕ್ಸಲ್ ಕೊಳ್ಳುವುದಿದೆ. ಮುಂಗಡ ಕೊಡುವ ಮೊದಲು ಒಂದು ಕರಾರು ಬರೆದುಕೊಡಬೇಕು" ಎಂದ. ಯಾವ ಬಂಡಿಯ ಆಕ್ಸಲ್ ಎಂದು ಕೇಳಿದೆ. "ಭಾರೀ ಗಟ್ಟಿಯಂತೆ" ಎಂಬುದಷ್ಟೇ ಉತ್ತರ. ಜೀಪಿನ ಮೇಲೆ ಸಾಲವಿದೆ. ಅವನ ತಂದೆ ಅಡಕೆ ಮೂಟೆಗಳನ್ನು ಪೇಟೆಗೆ ಒಯ್ಯುವುದೂ ಅದರಲ್ಲಿಯೇ. ಕರಾರನ್ನು ಬದಿಗಿರಿಸಿ, ನನಗೆ ತಿಳಿದಷ್ಟನ್ನು ಹೇಳಿದೆ. ಗುಡ್ಡಗಾಡು ಓಟದ ಹುಚ್ಚು ಗಡಿನಾಡಿನ ಅನೇಕ ಮನೆಗಳಿಗೆ ಹಬ್ಬಿರುವುದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2010ರಲ್ಲಿ ಬಂದ ಥಾರ್‌ನ ಮುಂದಿನ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುತ್ತವೆ. ರಸ್ತೆಯಲ್ಲಿ ಅದು ಹಿತ. ಆದರೆ ಕಲ್ಲುಬಂಡೆಗಳ ಏರಿನಲ್ಲಿ ಏರಿಳಿತದ ಮಿತಿ ಮುಗಿದೊಡನೆ ಒಂದು ಚಕ್ರ ಗಾಳಿಯಲ್ಲಿ ತಿರುಗತೊಡಗುತ್ತದೆ. ವಿಲ್ಲೀಸ್ ವಂಶದ ಹಳೆಯ ಜೀಪುಗಳಲ್ಲಿಯೂ ಮಾರುತಿ ಜಿಪ್ಸಿಯಲ್ಲಿಯೂ ಎರಡು ಚಕ್ರಗಳನ್ನು ಒಂದೇ ಅಖಂಡ ಇರುಸು ಬಂಧಿಸಿದೆ. ಒಂದು ಚಕ್ರ ಬಂಡೆಯನ್ನೇರಿದರೆ ಸನ್ನೆಗೋಲಿನಂತೆ ಇನ್ನೊಂದನ್ನು ನೆಲಕ್ಕೆ ಒತ್ತುತ್ತದೆ. ಆದ್ದರಿಂದಲೇ ಬೇರೊಂದು ವಾಹನದ ಇರುಸನ್ನು, ಅಂದರೆ 'ದಾನಿ ಆಕ್ಸಲ್' ಅನ್ನು ತಂದು ಕೂಡಿಸುವ ಆಸೆ.

ದಾನಿಯಲ್ಲಿ ಮೊದಲು ನೋಡಬೇಕಾದದ್ದು ಡಿಫರೆನ್ಶಿಯಲ್ ಯಾವ ಕಡೆಗಿದೆ ಎಂಬುದನ್ನು. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟ್ ಯಾವ ಬದಿಯಲ್ಲಿ ಹೊರಡುತ್ತದೆಯೋ ಅದೇ ಬದಿಯಲ್ಲಿ ಡಿಫರೆನ್ಶಿಯಲ್ ಇರಬೇಕು. ಒಂದೇ ಹೆಸರಿನ ಆಕ್ಸಲ್‌ಗಳಲ್ಲಿಯೂ ಈ ಭೇದವುಂಟು. ಅಮೆರಿಕದಲ್ಲಿ ಹೆಸರಾದ ಡಾನಾ 60 ಆಕ್ಸಲ್ 1978-79ರ ಫೋರ್ಡ್ ಟ್ರಕ್ಕುಗಳಲ್ಲಿ ಎಡಕ್ಕೆ ಡಿಫರೆನ್ಶಿಯಲ್ ಹೊಂದಿದ್ದರೆ, ಅದೇ ಕಾಲದ ಶೆವ್ರೊಲೆ ಟ್ರಕ್ಕುಗಳಲ್ಲಿ ಬಲಕ್ಕೆ. ನಾನು ಎಡವಿದ್ದೂ ಇಲ್ಲಿಯೇ. ವಕೀಲಿಯ ಆರಂಭದ ದಿನಗಳಲ್ಲಿ ಅಮೆರಿಕದ ಪುಸ್ತಕವೊಂದನ್ನು ಓದಿ, ನನ್ನ ಬಂಡಿಗೆ 'ಪ್ರಯಾಣಿಕನ ಬದಿ'ಯ ಆಕ್ಸಲ್ ಬೇಕೆಂದು ನಿಶ್ಚಯಿಸಿ, ಎಡಕ್ಕೆ ಡಿಫರೆನ್ಶಿಯಲ್ ಇರುವುದನ್ನು ತಂದೆ. ಅವರ ದೇಶದಲ್ಲಿ ಚಾಲಕ ಎಡಗಡೆ ಕುಳಿತುಕೊಳ್ಳುತ್ತಾನೆ, ಪ್ರಯಾಣಿಕನ ಬದಿಯೆಂದರೆ ಬಲ ಎಂಬುದು ಹೊಳೆದದ್ದು ಆಕ್ಸಲ್ ಅಂಗಳಕ್ಕೆ ಬಂದಿಳಿದ ಮೇಲೆ. ಅದು ಇಂದಿಗೂ ನಮ್ಮ ಹಲಸಿನ ಮರದ ಬುಡದಲ್ಲಿ ತುಕ್ಕು ಹಿಡಿಯುತ್ತಿದೆ. ಆದುದರಿಂದ 'ಚಾಲಕನ ಬದಿ' ಎಂಬ ಮಾತನ್ನು ನಂಬದೆ, ಬಂಡಿಯಡಿಗೆ ನುಸುಳಿ ಎಡ-ಬಲ ನೋಡಿ ಬರೆದಿಟ್ಟುಕೊಳ್ಳಿ.

ಎರಡನೆಯದು ಹಲ್ಲುಗಳ ಲೆಕ್ಕ. ಕ್ರೌನಿನಲ್ಲಿ 41, ಪಿನಿಯನಿನಲ್ಲಿ 11 ಹಲ್ಲುಗಳಿದ್ದರೆ ಅನುಪಾತ 3.73. ಹಳೆಯ ವಿಲ್ಲೀಸ್ ಜೀಪುಗಳಲ್ಲಿದ್ದಂತೆ 43ಕ್ಕೆ 8 ಆದರೆ 5.38. ಹಿಂದೆ ಒಂದು, ಮುಂದೆ ಇನ್ನೊಂದು ಅನುಪಾತವಿಟ್ಟು ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಪರಸ್ಪರ ಜಗ್ಗಾಡಿ ಕೊನೆಗೆ ಗೇರುಗಳನ್ನೇ ಮುರಿಯುತ್ತವೆ. ಗುಜರಿಯಲ್ಲಿ ಮುಚ್ಚಳ ಬಿಚ್ಚಿಸಿ ಹಲ್ಲು ಎಣಿಸುವುದಕ್ಕೆ ನಾಚಿಕೆ ಬೇಡ.

ಮೂರನೆಯದು ಬಲ. ಜಿಪ್ಸಿಯ ಆಕ್ಸಲ್ 1.3 ಲೀಟರ್ ಪೆಟ್ರೋಲ್ ಎಂಜಿನಿಗೆ, ಹಗುರವಾದ ಬಂಡಿಗೆ ಹುಟ್ಟಿದ್ದು. ಥಾರ್ ಸಿಆರ್‌ಡಿಇಯ 2.5 ಲೀಟರ್ ಡೀಸೆಲ್ ಎಂಜಿನಿನ ತಿರುಗುಬಲ ಅದರ ಇಮ್ಮಡಿಗೂ ಮಿಗಿಲು. ಮೇಲಾಗಿ ದೊಡ್ಡ ಟೈರು ಹಾಕಿದರೆ ಒಳಗಿನ ಜಾಯಿಂಟುಗಳು ತಾಳುವುದು ಕಷ್ಟ. ಇತ್ತ ಅತಿಭಾರದ ಆಕ್ಸಲ್ ತಂದರೂ ದೋಷವೇ. ಡಿಫರೆನ್ಶಿಯಲ್ ಹೆಚ್ಚು ಕೆಳಕ್ಕೆ ಜೋತು ಬಂಡೆಗೆ ಬಡಿಯುತ್ತದೆ. ಆಕ್ಸಲಿನ ಅಗಲ, ಚಕ್ರದ ಬೋಲ್ಟುಗಳ ಅಂತರ, ಬ್ರೇಕಿನ ಬಗೆ ಇವೆಲ್ಲ ಹಿಂದಿನ ಆಕ್ಸಲಿಗೆ ಹೊಂದಬೇಕು. ಬಿಡಿಭಾಗಗಳು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ದೊರೆಯುವಂತಿರಬೇಕು.

ಎಲ್ಲಕ್ಕಿಂತ ಕಡೆಗಣಿಸಲ್ಪಡುವುದು ಸ್ಟಿಯರಿಂಗ್. ಬಂಡಿಯ ಚೌಕಟ್ಟಿಗೆ ಬಿಗಿದ ರ‍್ಯಾಕ್, ಏರಿಳಿಯುವ ಅಖಂಡ ಇರುಸಿನ ಜೊತೆ ಸಾಗಲಾರದು. ಸ್ಟಿಯರಿಂಗ್ ಬಾಕ್ಸ್, ಉದ್ದದ ಡ್ರ್ಯಾಗ್ ಲಿಂಕ್ ಬೇಕಾಗುತ್ತವೆ. ಚಕ್ರ ತಿರುಗುವ ಕೀಲಿನ ಹಿಂಬಾಗು, ಅಂದರೆ ಕ್ಯಾಸ್ಟರ್, ತಪ್ಪಿದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದು. ವೇಗ ಹೆಚ್ಚಿದಾಗ ಚಕ್ರಗಳು ಥರಥರ ನಡುಗಲೂಬಹುದು. ಆ ಹೊತ್ತಿಗೆ ಚಾಲಕನ ಪಕ್ಕದಲ್ಲಿ ಮನೆಯವರೂ ಇರಬಹುದಲ್ಲವೇ?

ಇನ್ನು ನನ್ನ ಕಸುಬಿನ ಮಾತು. ಆರ್.ಸಿ.ಯ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲಕನು ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು 182ಎ ಕಲಮನ್ನು ಸೇರಿಸಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಿದೆ. ಇರುಸನ್ನು ನಾಲ್ಕು ಅಂಗುಲ ಮುಂದಕ್ಕೆ ಕೂಡಿಸಿದರೆ ಆರ್.ಸಿ.ಯಲ್ಲಿ ನಮೂದಾಗಿರುವ ವೀಲ್‌ಬೇಸ್ ಬದಲಾಗುತ್ತದೆ. ಬಂಡಿಯ ಬರಿತೂಕವೂ ಬದಲಾಗುತ್ತದೆ. ಅಪಘಾತವಾದರೆ ವಿಮಾ ಕಂಪೆನಿಯು ಈ ಮಾರ್ಪಾಡನ್ನೇ ಹಿಡಿದು ಪರಿಹಾರಕ್ಕೆ ತಕರಾರು ತೆಗೆಯುವುದು ನಿಶ್ಚಿತ. ಸಾಲ ಕೊಟ್ಟ ಬ್ಯಾಂಕಿಗೂ ಹೇಳುವ ಹಕ್ಕಿದೆ. ಆಕ್ಸಲ್ ಕಳವಿನದಾದರೆ ಬಿಲ್ಲಿಲ್ಲದೆ ಕೊಂಡವನೂ ಠಾಣೆಯ ಮೆಟ್ಟಿಲೇರಬೇಕಾದೀತು.

ತರುಣ ಮೌನವಾಗಿ ಕೇಳಿ, "ಹಾಗಾದರೆ ಆಸೆ ಬಿಡಬೇಕೇ?" ಎಂದ. ಬಿಡಬೇಕಾಗಿಲ್ಲ ಎಂದೆ. ತಂದೆಯ ಅಡಕೆ ಸಾಗಿಸುವ ಜೀಪು ಹಾಗೆಯೇ ಇರಲಿ. ಅಖಂಡ ಇರುಸಿನ ಸುಖ ಬೇಕಾದರೆ, ಕಾರ್ಖಾನೆಯಿಂದಲೇ ಅದನ್ನು ಹೊತ್ತು ಬಂದ ಹಳೆಯ ಎಂಎಂ540 ಇಲ್ಲವೇ ಜಿಪ್ಸಿಯನ್ನು, ಸರಿಯಾದ ದಾಖಲೆಗಳಿದ್ದರೆ, ಇಡಿಯಾಗಿ ಕೊಂಡು ಸರಿಪಡಿಸಿಕೊಳ್ಳಬಹುದು. ಕಿಸೆಯಲ್ಲಿ ಹಣವಿದ್ದರೆ ಜಿಮ್ನಿಯೂ ಉಂಟು. ಇರುಸಿಗಾಗಿ ಹಳೆಯ ಜೀಪೊಂದನ್ನು ಕಡಿದು ಹಾಕುವುದಕ್ಕಿಂತ ಆ ಜೀಪನ್ನೇ ಉಳಿಸುವುದು ಲೇಸು.

ಕರಾರು ಬರೆಯುವ ಪ್ರಮೇಯ ಬರಲಿಲ್ಲ. ಹೊರಡುವಾಗ ಅವನು ನಮ್ಮ ಹಲಸಿನ ಮರದ ಬುಡದ ಆಕ್ಸಲಿಗೆ ಬೆಲೆಯೆಷ್ಟೆಂದು ಕೇಳಿದ. ಅದು ಎಡಗಡೆಯದು ಎಂದಷ್ಟೇ ಹೇಳಿ ಕಳುಹಿಸಿದೆ.