ತನ್ನ ನೋವನ್ನು ತಾನೇ ಹೇಳಿಕೊಳ್ಳಲು

ವಿ.ಸಿ. ಫಾರಂ ಎಂದೊಡನೆ ನಮ್ಮ ದೂರದ ನೆಂಟರಿಗೆ ಇಂಡಾಫ್ ರಾಗಿ, ಭತ್ತದ ಗದ್ದೆ, ವಿಶ್ವೇಶ್ವರಯ್ಯ ನಾಲೆ ನೆನಪಾಗುತ್ತವೆ. ಇಲ್ಲಿಯೇ ಬಾಳಿದವರಿಗೆ ಬಸ್ಸಿಗಾಗಿ ಕಾದದ್ದೂ ನೆನಪಾಗುತ್ತದೆ. ಜ್ವರ ಬಂದರೆ ಮಂಡ್ಯ, ಅದಕ್ಕಿಂತ ದೊಡ್ಡದು ಬಂದರೆ ಮೈಸೂರು ಇಲ್ಲವೇ ಬೆಂಗಳೂರು. ಕೈಕಾಲು ಗಟ್ಟಿಯಾಗಿರುವವರಿಗೇ ಅದು ಇಡೀ ದಿನದ ಕೆಲಸ. ಕಣ್ಣು ಕಾಣದವರು, ಗಾಲಿಕುರ್ಚಿಯಲ್ಲಿರುವವರು ಹೊರಟರೆ ಜೊತೆಗೆ ಹೋಗುವವರ ಕೂಲಿಯೂ ಆ ದಿನ ಹೋಯಿತು. ಹಾಗಾಗಿ ಮನೆಯಲ್ಲಿ ಕುಳಿತೇ ಫೋನಿನ ಮೂಲಕ ವೈದ್ಯರನ್ನು ಕಾಣುವ ಸೌಕರ್ಯವು ಎಲ್ಲರಿಗಿಂತ ಮೊದಲು ವಿಕಲಚೇತನರಿಗೆ ಒದಗಬೇಕಾದದ್ದು. ಕೇಂದ್ರ ಸರ್ಕಾರವು ಇದಕ್ಕೆ ಮಾರ್ಗಸೂಚಿಯನ್ನು ಹೊರಡಿಸಿದ್ದು 2020ರ ಮಾರ್ಚ್ 25ರಂದು. ಮರುತಿಂಗಳೇ ಇ-ಸಂಜೀವನಿಯ ಹೊರರೋಗಿ ಸೇವೆ ಆರಂಭವಾಯಿತು. ಖಾಸಗಿ ಆಸ್ಪತ್ರೆಗಳ ಆ್ಯಪ್‌ಗಳಿಗಂತೂ ಲೆಕ್ಕವಿಲ್ಲ. ಮೊದಲು ಒದಗಬೇಕಾದವರಿಗೆ ಅದು ಒದಗಿತೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅನುಭವವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಮಳವಳ್ಳಿಯ ಕಡೆಗೆ ಮದುವೆಯಾಗಿ ಹೋದವಳು. ಮೂವತ್ತರ ಆಸುಪಾಸಿನಲ್ಲಿ ದೃಷ್ಟಿ ಕ್ರಮೇಣ ಕುಂದಿ ಪೂರ್ತಿ ಹೋಯಿತು. ಈಗ ಫೋನು ಓದಿ ಹೇಳುವುದನ್ನು ಕೇಳಿಕೊಂಡು ಬ್ಯಾಂಕಿನ ಸಂದೇಶ, ಮಗಳ ಶಾಲೆಯ ಸೂಚನೆ, ನನ್ನ ಈ ಬರಹಗಳು, ಎಲ್ಲವನ್ನೂ ತಿಳಿದುಕೊಳ್ಳುತ್ತಾಳೆ. ಹೋದ ವರ್ಷ ಹೆಂಗಸರ ತೊಂದರೆಯೊಂದಕ್ಕೆ ವೈದ್ಯೆಯ ಸಲಹೆ ಬೇಕಾಗಿ ಒಂದು ಆಸ್ಪತ್ರೆಯ ಆ್ಯಪ್ ತೆರೆದಳು. ಬೆರಳಿಟ್ಟಲ್ಲೆಲ್ಲ ಫೋನು "ಬಟನ್, ಬಟನ್" ಎಂದಿತೇ ಹೊರತು ಯಾವುದರ ಬಟನ್ ಎಂದು ಹೇಳಲಿಲ್ಲ. ದಿನಾಂಕದ ಪಟ್ಟಿ ಬರಿಯ ಚಿತ್ರ. ಒಟಿಪಿಯನ್ನು ಕೇಳಿಸಿಕೊಂಡು, ಹಿಂದಕ್ಕೆ ಬಂದು, ಅಂಕಿಗಳನ್ನು ಒತ್ತುವಷ್ಟರಲ್ಲಿ ಅದರ ಅವಧಿ ತೀರಿತ್ತು. ಕೊನೆಗೆ ಓರಗಿತ್ತಿಯ ಮಗನನ್ನು ಕರೆದಳು. ಕಾಲೇಜು ಓದುವ ಹುಡುಗ ಎರಡೇ ನಿಮಿಷದಲ್ಲಿ ಎಲ್ಲವನ್ನೂ ಮಾಡಿಕೊಟ್ಟು, ಫೋನು ಹಿಡಿದುಕೊಂಡು ಅಲ್ಲಿಯೇ ಕುಳಿತ. "ಡಾಕ್ಟ್ರಮ್ಮ ಮುಟ್ಟಿನ ವಿಚಾರ ಕೇಳುದ್ರು ಮಿಸ್. ನಾನು ಹೂಂ, ಉಹೂಂ ಅಂದೆ ಅಷ್ಟೆಯ. ಇನ್ನೇನ್ ಹೇಳಾನ, ಮಗ ಪಕ್ಕದಲ್ಲೇ ಕುಂತಿದ್ದ" ಎಂದಳು. ಆ ಹೂಂ ಉಹೂಂಗಳ ಮೇಲೆ ಔಷಧಿ ಬರೆದುಕೊಟ್ಟದ್ದಾಯಿತು.

ಈ ವಿಷಯವನ್ನು ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: "ಮನೆಯಲ್ಲಿ ಯಾರಾದರೂ ಇರುತ್ತಾರಲ್ಲ, ಇಲ್ಲದಿದ್ದರೆ ಗ್ರಾಮ ಒನ್ ಇದೆಯಲ್ಲ." ನಾನು ಒಪ್ಪದಿರುವುದು ಈ ಮಾತನ್ನೇ. ಸಹಾಯ ಮಾಡುವವರ ಬಗ್ಗೆ ನನಗೆ ಅಪಾರ ಗೌರವವಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ವಿಕಲಚೇತನರನ್ನೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನಾಗಿ ನೇಮಿಸಿಕೊಂಡ ನಮ್ಮ ರಾಜ್ಯದ ಕ್ರಮ ಮೆಚ್ಚತಕ್ಕದ್ದು. ಅಲ್ಪ ಗೌರವಧನಕ್ಕೆ ಅವರು ಮಾಡುವ ಓಡಾಟವನ್ನು ಕಣ್ಣಾರೆ ಕಂಡಿದ್ದೇನೆ. ಪಿಂಚಣಿಯ ಅರ್ಜಿ ತುಂಬಲು ಅವರು ಬೇಕು. ಆದರೆ ಗುಪ್ತವಾದ ಕಾಯಿಲೆ, ಮನಸ್ಸಿನ ಬೇಗುದಿ, ಗಂಡನ ಹೊಡೆತದಿಂದಾದ ಗಾಯ, ಇವುಗಳನ್ನು ಮೂರನೆಯವರ ಎದುರಿನಲ್ಲಿ ಹೇಳಬೇಕೆಂದರೆ ಅನೇಕರು ಹೇಳುವುದೇ ಇಲ್ಲ. ಹೊಡೆದವನೇ ಫೋನು ಹಿಡಿದು ಕುಳಿತಿದ್ದರೆ? ರೋಗಿಯ ಗೋಪ್ಯತೆಯನ್ನು ಕಾಪಾಡಬೇಕೆಂದು 2020ರ ಮಾರ್ಗಸೂಚಿ ವೈದ್ಯರಿಗೆ ವಿಧಿಸುತ್ತದೆ. ವೈದ್ಯೆ ಅದನ್ನು ಎಷ್ಟು ಪಾಲಿಸಿದರೇನು, ಆ್ಯಪ್ ಇನ್ನೊಬ್ಬರನ್ನು ಕರೆತಂದು ನಡುವೆ ಕೂರಿಸುತ್ತದೆ.

ಕಾನೂನು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ, 1995ರ ಕಾಯಿದೆಯ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಸೇವೆ ನೀಡುವವರು ಸರ್ಕಾರದವರಿರಲಿ, ಖಾಸಗಿಯವರಿರಲಿ, ನಿಯಮಗಳು ಪ್ರಕಟವಾದ ಎರಡು ವರ್ಷಗಳೊಳಗೆ ಎಲ್ಲರಿಗೂ ಎಟಕುವಂತೆ ಸೇವೆಯನ್ನು ಒದಗಿಸಬೇಕೆಂದಿತು. ನಿಯಮಗಳು 2017ರಲ್ಲಿಯೇ ಪ್ರಕಟವಾದವು. ಜಾಲತಾಣ, ಆ್ಯಪ್‌ಗಳು ಹೇಗಿರಬೇಕೆಂದು ಐಎಸ್ 17802 ಎಂಬ ಭಾರತೀಯ ಮಾನಕವೂ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ನೀವೆಲ್ಲ ಓದಬೇಕು. ಗುರುತು ದೃಢೀಕರಣಕ್ಕೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿರೆಂದು ಆ್ಯಪ್‌ಗಳು ಕೇಳುತ್ತವಷ್ಟೆ. ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗಳೇ ಸುಟ್ಟುಹೋದವರು ಮಿಟುಕಿಸುವುದೆಂತು, ದೃಷ್ಟಿಯಿಲ್ಲದವರು ಮುಖವನ್ನು ಆ ಚೌಕಟ್ಟಿನೊಳಗೆ ಹಿಡಿಯುವುದೆಂತು? ಅಂಥವರೇ ನ್ಯಾಯಾಲಯಕ್ಕೆ ಹೋದರು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಮೂರ್ತಿಗಳು ಹೇಳಿ, 20 ನಿರ್ದೇಶನಗಳನ್ನು ಕೊಟ್ಟರು. ಅಂಗವಿಕಲರೆನ್ನುವುದನ್ನು ಬಿಟ್ಟು ವಿಕಲಚೇತನರೆನ್ನಲು ನಮ್ಮ ಕಚೇರಿಗಳಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಒಂದು ಬಟನ್ನಿಗೆ ಹೆಸರು ಕೊಡಲು ಮಾತ್ರ ಇಷ್ಟು ಕಾಲ!

ಕನ್ನಡದವರಾದ ನಮಗೆ ಇನ್ನೊಂದು ತೊಡಕುಂಟು. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಯನ್ನು ಓದುವ ತಂತ್ರಾಂಶಕ್ಕೆ ಕೊಟ್ಟರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದರೆ ಅದೂ ಇಲ್ಲ, ಮೌನ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವನು ಆಸ್ಟ್ರೇಲಿಯದ ಒಬ್ಬ ದೃಷ್ಟಿಹೀನ ತರುಣ. ಬೇಗನೆ ಜೊತೆಗೂಡಿದ ಗೆಳೆಯನೂ ದೃಷ್ಟಿಹೀನನೇ. ಅದು ಕನ್ನಡವನ್ನೂ ಓದುತ್ತದೆ, ನಾವು ಓದಲು ಬರುವಂತೆ ಬರೆದರೆ. ಔಷಧಿ ಚೀಟಿಯನ್ನು ಫೋಟೋ ಮಾಡಿ ಕಳುಹಿಸುವ ಆಸ್ಪತ್ರೆಗಳು ಇದನ್ನು ಗಮನಿಸಬೇಕು.

ಎಲ್ಲರಿಗೂ ಒಂದೇ ಬಾಗಿಲು ಸಾಲದು ಎಂಬುದನ್ನೂ ಹೇಳಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಕಣ್ಣಿಲ್ಲದವರಿಗೆ ಇಂಥ ಸಾದಾ ಕರೆಯೇ ಅತ್ಯಂತ ಸುಲಭ. ಕಿವಿ ಕೇಳದವರಿಗೆ ಅದೇ ಕರೆ ಗೋಡೆ. ಅವರಿಗೆ ಸಂಜ್ಞಾಭಾಷೆ ಬಲ್ಲವರಿರುವ ವಿಡಿಯೊ ಬೇಕು, ಇಲ್ಲವೇ ಬರೆದು ಕೇಳುವ ಅವಕಾಶ ಬೇಕು. ಬರಹದ ಮೂಲಕ ಸಲಹೆ ಕೊಡಲು ಮಾರ್ಗಸೂಚಿಯಲ್ಲಿ ಅಡ್ಡಿಯಿಲ್ಲ. ಮನಸ್ಸಿಟ್ಟರೆ ಆಗುತ್ತದೆ ಎಂಬುದಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೇ ಇದೆ. ಅಲ್ಲಿಂದ ದೂರದ ಊರುಗಳ ಮಕ್ಕಳಿಗೆ ಮಾತಿನ ಚಿಕಿತ್ಸೆಯನ್ನು ಆನ್‌ಲೈನಿನಲ್ಲಿಯೇ ಕೊಡುತ್ತಿದ್ದಾರೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ ಇಂಥ ಆ್ಯಪ್‌ಗಳನ್ನು ಬರೆಯುವ ಕೆಲಸದಲ್ಲಿಯೇ ಇದ್ದೀರಿ. ನಿಮಗೊಂದು ಮನೆಗೆಲಸ ಕೊಡುತ್ತೇನೆ; ಹಳೆಯ ಚಾಳಿ, ಬೇಸರಿಸಬೇಡಿ. ನಿಮ್ಮ ಕಂಪನಿಯ ಆ್ಯಪ್ ತೆರೆಯಿರಿ, ಫೋನಿನ ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಯಾರನ್ನೂ ಕೇಳದೆ ಒಬ್ಬ ವೈದ್ಯರ ಸಮಯವನ್ನು ಗೊತ್ತುಮಾಡಿ ನೋಡಿ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ನಿಂತಿತು ಎಂದು ನನಗೆ ಬರೆಯಿರಿ. ಅವಳಿಗೂ ಓದಿ ಹೇಳುತ್ತೇನೆ.