ಬನಿಯನ್ ಪೇಟೆಯ ಮೇಲು ಕೀಳು

ದಿಂಬಂ ಘಾಟಿ ಇಳಿದು ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿ ದಾಟಿದರೆ ತಿರುಪ್ಪೂರು. ಚಾಮರಾಜನಗರ, ತಾಳವಾಡಿ ಕಡೆಯ ರೈತರಿಗೆ, ವ್ಯಾಪಾರಸ್ಥರಿಗೆ ಈ ದಾರಿ ಹೊಸದಲ್ಲ. ಅರಿಸಿನ, ಬಾಳೆ, ತರಕಾರಿ ಹೋದ ದಾರಿಯಲ್ಲೇ ಈಗ ಮಕ್ಕಳೂ ಕೆಲಸಕ್ಕೆ ಹೋಗುತ್ತಿದ್ದಾರೆ. “ಅಲ್ಲಿ ಜಾತಿ ಗೀತಿ ಯಾರ್ ಕೇಳ್ತಾರೆ ಸ್ವಾಮಿ, ಮಿಷನ್ ತುಳಿಯೋಕ್ ಬಂದ್ರೆ ಸಾಕು” ಎಂಬ ಮಾತನ್ನು ಸಂತೆಯಲ್ಲೂ ಬಸ್ಸಿನಲ್ಲೂ ನಾನು ಬಹಳ ಸಲ ಕೇಳಿದ್ದೇನೆ. ಮಾತು ಅರ್ಧ ನಿಜ. ಉಳಿದರ್ಧ ಏನು ಎಂಬುದನ್ನು ಮಕ್ಕಳನ್ನು ಕಳಿಸುವ ಮುಂಚೆ ತಿಳಿದುಕೊಳ್ಳುವುದು ಒಳ್ಳೆಯದು.

ನಿಜವಾದ ಅರ್ಧವನ್ನು ಮೊದಲು ನೋಡೋಣ. ತಿರುಪ್ಪೂರಿನ ಸುತ್ತಲ ಹಳ್ಳಿಗಳಲ್ಲಿ ಹಿಂದೆ ‘ಪಣ್ಣೈಯಾಳ್’ ಪದ್ಧತಿ ಇತ್ತು. ಗೌಂಡರ್ ರೈತರಿಂದ ಮುಂಗಡ ತೆಗೆದುಕೊಂಡ ಅರುಂಧತಿಯಾರ್ ಆಳು ವರ್ಷಪೂರ್ತಿ ಅದೇ ಹೊಲದಲ್ಲಿ ದುಡಿಯಬೇಕು. ನಾವು ಜೀತ ಅನ್ನುವುದು ಇದಕ್ಕೇ. ಅರ್ಥಶಾಸ್ತ್ರಜ್ಞೆ ಜೂಡಿತ್ ಹೇಯರ್ 1981-82ರಿಂದ ಈ ಭಾಗದ ಹಳ್ಳಿಗಳನ್ನು ಮತ್ತೆ ಮತ್ತೆ ನೋಡಿ ಬರೆದಿದ್ದಾರೆ. ಬಳಿಕ ಗ್ರೇಸ್ ಕಾರ್ಸ್‌ವೆಲ್ ಮತ್ತು ಗೀರ್ಟ್ ಡಿ ನೀವ್ ಎಂಬ ಸಂಶೋಧಕರು ಇಲ್ಲಿನ ಎರಡು ಹಳ್ಳಿಗಳನ್ನು ಹೋಲಿಸಿದರು. ಒಂದು ಹಳ್ಳಿಯ ದಲಿತ ಹುಡುಗರು ದಿನವೂ ಬನಿಯನ್ ಕಂಪನಿಗೆ ಹೋಗಿ ಬರುತ್ತ ಗೌಂಡರ ಹಂಗಿನಿಂದ ಬಿಡಿಸಿಕೊಂಡಿದ್ದರು. ಇನ್ನೊಂದು ಹಳ್ಳಿಯಲ್ಲಿ ಪವರ್‌ಲೂಮ್ ಬಂದಿತ್ತು. ಅಲ್ಲಿ ಹೊಲದ ಮುಂಗಡ ಹೋಗಿ ಮಗ್ಗದ ಮುಂಗಡ ಬಂತು. ಸಾಲ ತೀರುವ ತನಕ ಆಳು ಮಗ್ಗ ಬಿಟ್ಟು ಹೋಗುವ ಹಾಗಿರಲಿಲ್ಲ.

ಅಂದರೆ ಕಾರ್ಖಾನೆ ಬಂದ ಮಾತ್ರಕ್ಕೆ ಮೇಲು ಕೀಳು ಹೋಗುವುದಿಲ್ಲ. ಸಾಲ ಕೊಟ್ಟವನೇ ಕೆಲಸವನ್ನೂ ಕೊಟ್ಟರೆ ಕೂಲಿ ಎಷ್ಟೆಂದು ಚೌಕಾಸಿ ಮಾಡುವ ಬಾಯಿ ಕಟ್ಟಿಹೋಗುತ್ತದೆ. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಮುಂಗಡದ ಹೆಸರಿನಲ್ಲಿ ಅದು ಉಳಿದುಕೊಂಡಿದೆ.

ಏಣಿ ಯಾರಿಗೆ?

ತಿರುಪ್ಪೂರಿನಲ್ಲಿ ಆಳಾಗಿ ಬಂದು ಮಾಲೀಕರಾದವರ ಕತೆಗಳು ಬೇಕಾದಷ್ಟಿವೆ, ಸುಳ್ಳೂ ಅಲ್ಲ. ಶರದ್ ಚಾರಿ ಎಂಬ ವಿದ್ವಾಂಸರು ಇದನ್ನೇ ಅಧ್ಯಯನ ಮಾಡಿ 2004ರಲ್ಲಿ ಪುಸ್ತಕ ತಂದರು. ಹಾಗೆ ಮೇಲೆ ಬಂದವರಲ್ಲಿ ಹೆಚ್ಚಿನವರು ಗೌಂಡರ್ ರೈತ ಮಕ್ಕಳು. ಬೆನ್ನಿಗೆ ಜಮೀನಿತ್ತು, ನೆಂಟರ ಸಾಲವಿತ್ತು, ಆರ್ಡರ್ ಕೊಡಿಸುವ ಪರಿಚಯವಿತ್ತು. ಅಷ್ಟೇ ಬೆವರು ಸುರಿಸಿದ ದಲಿತನಿಗೂ ಹೆಂಗಸಿಗೂ ಆ ಏಣಿ ಸಿಗಲಿಲ್ಲ.

ಹೆಣ್ಣುಮಕ್ಕಳ ಕೂಲಿ ಇನ್ನೊಂದು ಲೆಕ್ಕ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂತು. ಈಗಿನ ವೇತನ ಸಂಹಿತೆಯಲ್ಲೂ ಅದು ಸೇರಿದೆ. ಆದರೆ ಕೆಲಸದ ಹೆಸರು ಬದಲಿಸಿದರೆ ಕೂಲಿಯೂ ಬದಲಾಗುತ್ತದೆ. ಅವನು ‘ಟೈಲರ್’, ಅವಳು ‘ಹೆಲ್ಪರ್’. ನೂಲಿನ ಮಿಲ್ಲುಗಳಲ್ಲಿ ಇದೇ ಚಾಲಾಕಿಗೆ ‘ಸುಮಂಗಲಿ’ ಎಂಬ ಮಂಗಳಕರ ಹೆಸರಿಟ್ಟರು. ಹುಡುಗಿ ಮೂರು ವರ್ಷ ಹಾಸ್ಟೆಲಿನಲ್ಲಿದ್ದು ‘ಅಪ್ರೆಂಟಿಸ್’ ಆಗಿ ದುಡಿಯಬೇಕು, ಕೊನೆಗೆ ಮದುವೆ ಖರ್ಚಿಗೆ ಇಡಿಗಂಟು. ಅವಳದೇ ಕೂಲಿಯ ಭಾಗವನ್ನು ಹಿಡಿದಿಟ್ಟು ವರದ ಹಾಗೆ ಕೊಡುವ ವ್ಯವಹಾರ ಇದು. ನಡುವೆ ಕಾಯಿಲೆಯಾಗಿ ಊರಿಗೆ ಬಂದರೆ ಗಂಟು ಕೈಗೆ ಸಿಗುವ ಖಾತರಿಯಿಲ್ಲ. ನೆದರ್ಲೆಂಡ್ಸಿನ ಎರಡು ಸಂಸ್ಥೆಗಳು 2011ರಲ್ಲಿ ಈ ಬಗ್ಗೆ ವರದಿ ಹೊರಡಿಸಿದ ಮೇಲೆ ವಿದೇಶಿ ಖರೀದಿದಾರರಿಗೆ ಮುಜುಗರವಾಯಿತು.

ಶಾಲೆಯ ಸೌಟು

ಶಾಲೆಗೆ ಬರೋಣ. ಅವಿನಾಶಿ ತಾಲ್ಲೂಕಿನ ತಿರುಮಲೈಗೌಂಡನ್‌ಪಾಳಯಂ ಸರ್ಕಾರಿ ಶಾಲೆಗೆ 2018ರ ಜುಲೈನಲ್ಲಿ ಅರುಂಧತಿಯಾರ್ ಹೆಂಗಸೊಬ್ಬರು ಬಿಸಿಯೂಟದ ಅಡುಗೆಗೆ ಬಂದರು. ಆಕೆ ಮಾಡಿದ್ದನ್ನು ನಮ್ಮ ಮಕ್ಕಳು ಉಣ್ಣಕೂಡದು ಎಂದು ಮೇಲ್ಜಾತಿಯ ಪೋಷಕರು ಗಲಾಟೆ ಎಬ್ಬಿಸಿದರು. ಅಧಿಕಾರಿಗಳು ಗಲಾಟೆ ಮಾಡಿದವರನ್ನು ಬಿಟ್ಟು ಆಕೆಯನ್ನೇ ವರ್ಗ ಮಾಡಿದರು. ಪ್ರತಿಭಟನೆಯಾದ ಮೇಲೆ ವರ್ಗಾವಣೆ ರದ್ದಾಯಿತು, ಕೇಸು ದಾಖಲಾಯಿತು. ತಿರುಪ್ಪೂರಿನ ವಿಶೇಷ ನ್ಯಾಯಾಲಯ ಆರು ಮಂದಿಗೆ ಎರಡು ವರ್ಷ ಶಿಕ್ಷೆ ಕೊಟ್ಟದ್ದು 2025ರ ನವೆಂಬರಿನಲ್ಲಿ. ಒಂದು ಸೌಟು ಹಿಡಿಯುವ ಹಕ್ಕಿಗೆ ಏಳು ವರ್ಷ!

ಇದು ತಮಿಳರ ಜಗಳ, ನಮಗೇನು ಎನ್ನಬೇಡಿ. ಅರುಂಧತಿಯಾರ್ ಪೈಕಿ ಬಹಳ ಜನರ ಮನೆಮಾತು ತೆಲುಗು, ಕೆಲವರದು ಕನ್ನಡ. ಅದೇ ಸೀಮೆಯ ಒಕ್ಕಲಿಗರೂ ದೇವಾಂಗದವರೂ ಮನೆಯಲ್ಲಿ ಆಡುವುದು ಕನ್ನಡವೇ. ಗೆರೆಯ ಎರಡು ಕಡೆಯಲ್ಲೂ ನಮ್ಮ ಮಾತಿದೆ.

ತಮಿಳುನಾಡು 2009ರಲ್ಲಿ ಅರುಂಧತಿಯಾರ್‌ಗೆ ಪರಿಶಿಷ್ಟರ ಶೇ 18ರೊಳಗೆ ಶೇ 3 ಒಳಮೀಸಲಾತಿ ಕೊಟ್ಟಿತು. ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಒಳಮೀಸಲಾತಿಯನ್ನು ಎತ್ತಿಹಿಡಿಯಿತು. ಕಾಲೇಜು ಸೀಟಿಗೆ, ಸರ್ಕಾರಿ ನೌಕರಿಗೆ ಇದು ದೊಡ್ಡ ಆಸರೆ. ಆದರೆ ಬನಿಯನ್ ಕಂಪನಿಯ ಗೇಟಿನೊಳಗೆ ಈ ಕಾನೂನು ಕಾಲಿಡುವುದಿಲ್ಲ. ಅಲ್ಲಿ ನಡೆಯುವುದು ಮೇಸ್ತ್ರಿಯ ಶಿಫಾರಸು, ನೆಂಟಸ್ತಿಕೆ.

ಆಸ್ಪತ್ರೆ ಕೇಳುವ ನಂಬರು

ದೇಶಕ್ಕೆಲ್ಲ ಬನಿಯನ್ ಹೊಲಿಯುವ ತಿರುಪ್ಪೂರಿಗೆ 100 ಹಾಸಿಗೆಯ ಇಎಸ್‌ಐ ಆಸ್ಪತ್ರೆಗೆ ಶಂಕುಸ್ಥಾಪನೆಯಾದದ್ದೇ 2019ರ ಫೆಬ್ರುವರಿಯಲ್ಲಿ. ಉದ್ಘಾಟನೆ 2024ರ ಫೆಬ್ರುವರಿಯಲ್ಲಿ. ಕಟ್ಟಡವೇನೋ ಆಯಿತು. ಆದರೆ ಒಳಗೆ ಹೋದರೆ ಮೊದಲು ಕೇಳುವುದು ವಿಮಾ ನಂಬರು. ತಿಂಗಳಿಗೆ 10,000 ರೂಪಾಯಿ ಕೂಲಿ ಇದ್ದರೆ ಆಳಿನಿಂದ 75 ರೂಪಾಯಿ, ಮಾಲೀಕನಿಂದ 325 ರೂಪಾಯಿ ಕಟ್ಟಬೇಕು. ಕಂಪನಿಯ ನೇರ ಆಳಿಗೆ ನಂಬರು ಇರುತ್ತದೆ. ಕಂಟ್ರಾಕ್ಟಿನ ಪೀಸ್‌ರೇಟ್ ಆಳಿನ ಹೆಸರು ಎಷ್ಟೋ ಕಡೆ ಪುಸ್ತಕದಲ್ಲೇ ಇರುವುದಿಲ್ಲ. ಒಂದೇ ಷೆಡ್ಡಿನ ಇಬ್ಬರಲ್ಲಿ ಒಬ್ಬಳಿಗೆ ಆಸ್ಪತ್ರೆಯ ಹಾಸಿಗೆ, ಇನ್ನೊಬ್ಬಳಿಗೆ ಮೆಡಿಕಲ್ ಸ್ಟೋರಿನ ಮಾತ್ರೆ. ಆ ಇನ್ನೊಬ್ಬಳು ಹೆಚ್ಚಾಗಿ ದಲಿತಳೋ ದೂರದೂರಿಂದ ಬಂದವಳೋ ಆಗಿರುತ್ತಾಳೆ ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ.

ಹೀಗಾಗಿ ಏಜೆಂಟ ಮನೆಗೆ ಬಂದಾಗ ಕೂಲಿ ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಕೂಲಿ ತಿಂಗಳು ತಿಂಗಳು ಬ್ಯಾಂಕಿಗೆ ಬೀಳುತ್ತದೆಯೋ, ಕೊನೆಗೆ ಗಂಟಾಗಿಯೋ? ಸಂಬಳದ ಚೀಟಿ ಕೊಡುತ್ತಾರೋ? ಹತ್ತು ಅಂಕೆಯ ಇಎಸ್‌ಐ ನಂಬರು ಯಾವತ್ತು ಕೈಗೆ ಬರುತ್ತದೆ? ಬೇಡವೆನಿಸಿದ ದಿನ ಹುಡುಗಿ ಬಸ್ಸು ಹತ್ತಬಹುದೋ? ಉತ್ತರ ತಡವರಿಸಿದರೆ ಕಳಿಸಬೇಡಿ. ಮುಂಗಡವನ್ನಂತೂ ಮುಟ್ಟಲೇಬೇಡಿ.

ಇದೇ ಪ್ರಶ್ನೆಗಳು ನಮ್ಮ ಬಾಗಿಲಿಗೂ ಸಲ್ಲುತ್ತವೆ. ಅರಿಸಿನ ಕೀಳುವ, ಕಬ್ಬು ಕಡಿಯುವ ಆಳಿಗೆ ಅಡ್ವಾನ್ಸು ಕೊಟ್ಟು ಹಿಡಿದಿಡುವವರು ನಮ್ಮಲ್ಲೂ ಇದ್ದಾರೆ. ಹೆಣ್ಣಾಳಿಗೆ ಕಡಿಮೆ ಕೂಲಿ, ಬೇರೆ ಲೋಟ ಇನ್ನೂ ಇರುವ ಹಟ್ಟಿಗಳನ್ನು ನಾನೇ ಕಂಡಿದ್ದೇನೆ. ತಿರುಪ್ಪೂರಿನ ಮಾಲೀಕನನ್ನು ಲೆಕ್ಕ ಕೇಳುವ ರೈತ ಮೊದಲು ತನ್ನ ಕಣದ ಲೆಕ್ಕ ಸರಿಮಾಡಿಕೊಂಡಿದ್ದರೆ ಕೇಳುವ ದನಿಗೆ ಬಲ ಬರುತ್ತದೆ.