ಒಂಬತ್ತು ಮಕ್ಕಳ ಶಾಲೆ

ನಾನು ಗಣಿತದ ಉಪಾಧ್ಯಾಯನಾಗಿ ಮೊದಲು ಸೇರಿದ ಪ್ರೌಢಶಾಲೆ ಒಂದು ಸಣ್ಣ ಹಳ್ಳಿಯದು. ಹತ್ತನೆಯ ತರಗತಿಯಲ್ಲಿದ್ದವರು ಒಂಬತ್ತೇ ಮಕ್ಕಳು. ನಾನು ಸೇರಿದ ವರ್ಷ ಒಂಬತ್ತು ಮಂದಿಯೂ ತೇರ್ಗಡೆಯಾದರು. ತಾಲ್ಲೂಕಿನ ಸಭೆಯಲ್ಲಿ ನಮ್ಮ ಮುಖ್ಯೋಪಾಧ್ಯಾಯರಿಗೆ ಹಾರ ಹಾಕಿ, ಶಾಲು ಹೊದಿಸಿ, ನೂರಕ್ಕೆ ನೂರು ಫಲಿತಾಂಶ ಗಳಿಸುವ ಗುಟ್ಟನ್ನು ಇತರರಿಗೂ ತಿಳಿಸಿಕೊಡಬೇಕೆಂದು ಕೇಳಿಕೊಂಡರು. ಸಂಕೋಚದ ಸ್ವಭಾವದವರಾದ ಅವರು ಎರಡು ಮಾತನಾಡಿ ಕುಳಿತರು. ಮರುವರ್ಷವೂ ಒಂಬತ್ತೇ ಮಕ್ಕಳು, ಐವರು ನಪಾಸಾದರು. ಅದೇ ಸಭೆ, ಅದೇ ಮುಖ್ಯೋಪಾಧ್ಯಾಯರು. ಆದರೆ ಈ ಸಲ ಅವರ ಕೈಗೆ ಬಂದದ್ದು ಕಾರಣ ಕೇಳುವ ನೋಟೀಸು. ಆ ಎರಡು ವರ್ಷಗಳಲ್ಲಿ ನಾವು ಪಾಠ ಹೇಳಿದ ರೀತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದನ್ನು ಸಭೆಯಲ್ಲಿ ಹೇಳುವ ಧೈರ್ಯವಾಗಲಿ, ಹೇಳುವುದಕ್ಕೆ ಬೇಕಾದ ಮಾತಾಗಲಿ ಆಗ ನನ್ನಲ್ಲಿ ಇರಲಿಲ್ಲ.

ಮಾತು ದೊರೆತದ್ದು ಬಹಳ ವರ್ಷಗಳ ಮೇಲೆ, ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ. ಒಂದು ಸಾಮಾನ್ಯ ಲೆಕ್ಕವನ್ನು ನೋಡಿ. ಪ್ರತಿಯೊಂದು ಮಗುವೂ ತೇರ್ಗಡೆಯಾಗುವ ಸಂಭವ ಹತ್ತಕ್ಕೆ ಏಳು ಎಂದಿಟ್ಟುಕೊಳ್ಳೋಣ. ಯಾವ ಶಾಲೆಯೂ ಇನ್ನೊಂದಕ್ಕಿಂತ ಮೇಲೂ ಅಲ್ಲ, ಕೀಳೂ ಅಲ್ಲ. ಒಂಬತ್ತು ಮಕ್ಕಳ 100 ಶಾಲೆಗಳಿದ್ದರೆ, ಕೇವಲ ಅದೃಷ್ಟದ ಬಲದಿಂದಲೇ ಸುಮಾರು 4 ಶಾಲೆಗಳಲ್ಲಿ ಎಲ್ಲರೂ ತೇರ್ಗಡೆಯಾಗುತ್ತಾರೆ. ಸುಮಾರು 10 ಶಾಲೆಗಳಲ್ಲಿ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ನಪಾಸಾಗುತ್ತಾರೆ. ನಾಲ್ಕು ಹಾರ, ಹತ್ತು ನೋಟೀಸು! ನೂರು ಮಕ್ಕಳ ಶಾಲೆಗಾದರೋ ಈ ಎರಡೂ ಕಾರ್ಯತಃ ಅಸಾಧ್ಯ. ಹೀಗೆ ಹೊಗಳಿಕೆಯೂ ತೆಗಳಿಕೆಯೂ ಸಣ್ಣ ಶಾಲೆಯ ಬಾಗಿಲನ್ನೇ ಹುಡುಕಿಕೊಂಡು ಬರುತ್ತವೆ. ಇದು ಬರಿಯ ಊಹೆಯಲ್ಲ. ಅಮೆರಿಕದ ಹೊವರ್ಡ್ ವೇನರ್ ಎಂಬ ಸಂಖ್ಯಾಶಾಸ್ತ್ರಜ್ಞರು 2007ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ 1,662 ಶಾಲೆಗಳ ಐದನೆಯ ತರಗತಿಯ ಓದಿನ ಪರೀಕ್ಷೆಯ ಅಂಕಗಳನ್ನು ತೆಗೆದು ತೋರಿಸಿದರು: ಅತ್ಯುತ್ತಮವೆನಿಸಿದ 50 ಶಾಲೆಗಳಲ್ಲಿ 6 ಶಾಲೆಗಳು ರಾಜ್ಯದ ಅತಿ ಚಿಕ್ಕ 50 ಶಾಲೆಗಳಿಗೆ ಸೇರಿದವು, ಅತಿ ಕಳಪೆಯೆನಿಸಿದ 50ರಲ್ಲಿ 9 ಶಾಲೆಗಳು ಅದೇ ಅತಿ ಚಿಕ್ಕವುಗಳ ಗುಂಪಿನವು. ಗಾತ್ರಕ್ಕೂ ಗುಣಕ್ಕೂ ಸಂಬಂಧವಿಲ್ಲದಿದ್ದರೆ ಎರಡೂ ಕಡೆ ಒಂದೆರಡು ಮಾತ್ರ ಸಿಕ್ಕಬೇಕಾಗಿತ್ತು. ಮೇಲಿನ ತುದಿಯನ್ನು ಮಾತ್ರ ಕಂಡವರು ಸಣ್ಣ ಶಾಲೆಗಳೇ ಶ್ರೇಷ್ಠವೆಂದು ಬಗೆದು ದೊಡ್ಡ ಶಾಲೆಗಳನ್ನು ಒಡೆಯಲು ಅಲ್ಲಿ ಹಣ ಸುರಿದದ್ದೂ ಉಂಟು.

ಹಾಗಾದರೆ ಶಾಲೆಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಮಗುವಿನ ಅಂಕವನ್ನು ಅದರ ಹಿಂದಿನ ಕಲಿಕೆ, ಮನೆಯ ಸ್ಥಿತಿ ಮುಂತಾದವುಗಳಿಂದ ಅಂದಾಜು ಮಾಡುವ ಸಮೀಕರಣಕ್ಕೆ ಹಿಂಚಲನೆ ಎಂದು ನಮ್ಮ ಪಠ್ಯಪುಸ್ತಕಗಳು ಹೆಸರಿಟ್ಟಿವೆ. ರಿಗ್ರೆಷನ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಕ್ಕಳು ತರಗತಿಯೊಳಗೆ, ತರಗತಿ ಶಾಲೆಯೊಳಗೆ, ಶಾಲೆ ಜಿಲ್ಲೆಯೊಳಗೆ ಇರುವುದರಿಂದ ಸಮೀಕರಣಕ್ಕೂ ಅಂತಸ್ತುಗಳನ್ನು ಕಟ್ಟಬೇಕಾಗುತ್ತದೆ. ಅದೇ ಬಹುಸ್ತರ ಮಾದರಿ. ಇಲ್ಲಿ ಶಾಲೆಯನ್ನು ಎರಡು ಬಗೆಯಲ್ಲಿ ಕಾಣಬಹುದು. ಸ್ಥಿರ ಪರಿಣಾಮವೆಂದು ಎಣಿಸಿದರೆ, ಪ್ರತಿಯೊಂದು ಶಾಲೆಯೂ ಒಂಟಿ ಮನೆ: ಅದರ ಬೆಲೆಯನ್ನು ಅದರದೇ ಮಕ್ಕಳ ಅಂಕದಿಂದ ಕಟ್ಟಬೇಕು, ನೆರೆಯವರ ಸುದ್ದಿ ಬೇಡ. ಯಾದೃಚ್ಛಿಕ ಪರಿಣಾಮವೆಂದು ಎಣಿಸಿದರೆ, ಶಾಲೆ ಅವಿಭಕ್ತ ಕುಟುಂಬದ ಸದಸ್ಯ: ಮೊದಲು ಇಡೀ ಕುಟುಂಬ ಎಷ್ಟು ಅಗಲಕ್ಕೆ ಹರಡಿಕೊಂಡಿದೆ ಎಂಬುದನ್ನು ಅಳೆದು, ಆಮೇಲೆ ಆ ಹಿನ್ನೆಲೆಯಲ್ಲಿ ಈ ಒಂದು ಶಾಲೆಯ ವಿಷಯ ನಿರ್ಣಯಿಸಬೇಕು.

ಯಾದೃಚ್ಛಿಕ ಎಂಬ ಮಾತು ಕೆಲವರ ಕಿವಿಗೆ ಕಹಿ. ನಮ್ಮ ಶಾಲೆ ಆಕಸ್ಮಿಕದ ಕೂಸೇ ಎಂದು ಒಬ್ಬ ಉಪಾಧ್ಯಾಯರು ನನ್ನನ್ನು ಕೋಪದಿಂದ ಕೇಳಿದ್ದರು. ಶಾಲೆ ಆಕಸ್ಮಿಕವಲ್ಲ, ನಮಗೆ ಅದರ ವಿಷಯದಲ್ಲಿರುವ ತಿಳಿವಳಿಕೆ ಅರೆಬರೆಯಾದದ್ದು, ಅಷ್ಟೆ. ಹೆಸರಿನ ಗೊಂದಲವೇನೂ ಕಡಮೆಯದಲ್ಲ. ಈ ಎರಡು ಮಾದರಿಗಳನ್ನು ಬೇರ್ಪಡಿಸಿ ಸ್ಪಷ್ಟವಾಗಿ ಬರೆದವರು ಚರ್ಚಿಲ್ ಐಸೆನ್‌ಹಾರ್ಟ್, 1947ರಲ್ಲಿ. ಆದರೆ 2005ರಲ್ಲಿ ಆಂಡ್ರೂ ಗೆಲ್ಮನ್ ಎಂಬವರು ಪುಸ್ತಕಗಳನ್ನು ಹುಡುಕಿದಾಗ ಸ್ಥಿರ, ಯಾದೃಚ್ಛಿಕ ಎಂಬ ಈ ಪದಗಳಿಗೆ ಪರಸ್ಪರ ಹೊಂದದ ಐದು ವ್ಯಾಖ್ಯೆಗಳು ಸಿಕ್ಕಿದವಂತೆ. ಪಂಡಿತರಲ್ಲೇ ಹೀಗಿರುವಾಗ ವಿದ್ಯಾರ್ಥಿಗಳು ತಡವರಿಸಿದರೆ ಅವರನ್ನು ಗದರಿಸಬಾರದು. ಹೆಸರು ಹೊಸದಾದರೂ ವಿಚಾರ ಹಳೆಯದು. 1861ರಲ್ಲಿಯೇ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ, ದೂರದರ್ಶಕದ ವೀಕ್ಷಣೆಗಳಲ್ಲಿ ಪ್ರತಿಯೊಂದು ರಾತ್ರಿಗೂ ತನ್ನದೇ ಆದ ಒಂದು ತಪ್ಪು ಅಂಟಿಕೊಂಡಿರುತ್ತದೆಂದು ಕಂಡುಕೊಂಡಿದ್ದರು. ಒಂದೇ ರಾತ್ರಿ ಹತ್ತು ಸಲ ನೋಡಿದರೆ ಹತ್ತು ಸಾಕ್ಷಿಗಳು ಸಿಕ್ಕಿದಂತಲ್ಲ. ಒಂದೇ ರಾತ್ರಿಯ ಸಾಕ್ಷಿ ಹತ್ತು ಸಲ ಹೇಳಿಕೆ ಕೊಟ್ಟಂತೆ.

ಈ ಮಾತನ್ನು ಮರೆತದ್ದರಿಂದ ಶಿಕ್ಷಣದಲ್ಲಿ ಎಂತಹ ಪ್ರಮಾದವಾಯಿತೆಂಬುದಕ್ಕೆ ಇಂಗ್ಲೆಂಡಿನದೇ ಒಂದು ಪ್ರಸಂಗವಿದೆ. 1976ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ನೆವಿಲ್ ಬೆನೆಟ್ ಅವರು ಬೋಧನಾಶೈಲಿಯನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಶಿಸ್ತಿನಿಂದ ಪಾಠ ಹೇಳುವ ಹಳೆಯ ಪದ್ಧತಿಯ ಉಪಾಧ್ಯಾಯರ ಮಕ್ಕಳು, ಸ್ವೇಚ್ಛೆಗೆ ಬಿಡುವ ಹೊಸ ಪದ್ಧತಿಯವರ ಮಕ್ಕಳಿಗಿಂತ ಹೆಚ್ಚು ಕಲಿಯುತ್ತಾರೆಂಬುದು ಅದರ ನಿರ್ಣಯ. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಆಯಿತು. ಹೊಸ ಪದ್ಧತಿಯವರು ತಲೆ ತಗ್ಗಿಸುವಂತಾಯಿತು. ಆದರೆ ಆ ಅಧ್ಯಯನದಲ್ಲಿದ್ದ ಉಪಾಧ್ಯಾಯರು 37 ಮಂದಿ ಮಾತ್ರ. ನೂರಾರು ಮಕ್ಕಳ ಅಂಕಗಳನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾಕ್ಷಿಗಳೆಂಬಂತೆ ಎಣಿಸಿದ್ದರು. ಒಂದು ತರಗತಿಯ ಮಕ್ಕಳು ಒಬ್ಬರೇ ಉಪಾಧ್ಯಾಯರ ಮಾತು ಕೇಳುತ್ತಾರೆ, ಒಂದೇ ಗದ್ದಲದಲ್ಲಿ ಕೂರುತ್ತಾರೆ, ಒಂದೇ ಮಳೆಗೆ ಮನೆಯಲ್ಲಿ ಉಳಿಯುತ್ತಾರೆ. ಅವರ ಅಂಕಗಳೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. 1981ರಲ್ಲಿ ಮರೆ ಐಟ್ಕಿನ್ ಮತ್ತು ಅವರ ಸಂಗಡಿಗರು ತರಗತಿಯನ್ನು ಯಾದೃಚ್ಛಿಕ ಪರಿಣಾಮವಾಗಿ ಲೆಕ್ಕಕ್ಕೆ ಸೇರಿಸಿ ಅದೇ ಅಂಕಗಳನ್ನು ಪುನಃ ಪರಿಶೀಲಿಸಿದಾಗ, ಶೈಲಿಗಳ ನಡುವಣ ಆ ದೊಡ್ಡ ವ್ಯತ್ಯಾಸ ನಿಲ್ಲಲಿಲ್ಲ. ಆ ಮರುಪರಿಶೀಲನೆಯ ಒಂದು ಲೇಖನಕ್ಕೆ ಸಹಲೇಖಕರಾಗಿ ಸಹಿ ಹಾಕಿದವರಲ್ಲಿ ಸ್ವಯಂ ಬೆನೆಟ್ ಅವರೂ ಒಬ್ಬರು. ತನ್ನ ಹೆಸರನ್ನು ಊರೂರಿಗೆ ಹಬ್ಬಿಸಿದ ನಿರ್ಣಯವನ್ನು ತಾನೇ ಕೂಡಿ ಕೆಡವುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನನಗೆ ಆ ಗ್ರಂಥಕ್ಕಿಂತ ಈ ಸಹಿಯ ಮೇಲೆ ಗೌರವ ಹೆಚ್ಚು.

ಲೆಕ್ಕದ ಒಳಗನ್ನು ಒಂದಿಷ್ಟು ನೋಡದೆ ಮುಂದೆ ಹೋಗುವುದು ಸರಿಯಲ್ಲ. ಉದಾಹರಣೆಗೆ ನಾನೇ ಕಲ್ಪಿಸಿಕೊಂಡ ಅಂಕಿಗಳಿವು. ಜಿಲ್ಲೆಯ ಸರಾಸರಿ ಅಂಕ 60. ಶಾಲೆ ಶಾಲೆಗಳ ನಡುವಣ ಮಾನಕ ವಿಚಲನೆ 6, ಎಂದರೆ ಅದರ ವರ್ಗ 36. ಒಂದೇ ಶಾಲೆಯ ಮಕ್ಕಳ ನಡುವಣ ಮಾನಕ ವಿಚಲನೆ 15, ವರ್ಗ 225. ಒಂಬತ್ತು ಮಕ್ಕಳ ಶಾಲೆಯೊಂದರ ಸರಾಸರಿ 48 ಬಂದಿದೆ. ಸ್ಥಿರ ಪರಿಣಾಮದ ದೃಷ್ಟಿಯಲ್ಲಿ ಆ ಶಾಲೆಯ ಬೆಲೆ 48, ಮಾತು ಮುಗಿಯಿತು. ಯಾದೃಚ್ಛಿಕ ದೃಷ್ಟಿಯವನು ಕೇಳುತ್ತಾನೆ: ಈ 12 ಅಂಕಗಳ ಕೊರತೆಯಲ್ಲಿ ಶಾಲೆಯದೆಷ್ಟು, ಆ ಒಂಬತ್ತು ಮಕ್ಕಳ ಅದೃಷ್ಟದ್ದೆಷ್ಟು? ಒಂಬತ್ತು ಮಕ್ಕಳ ಸರಾಸರಿಯ ಅನಿಶ್ಚಯ 225ನ್ನು 9ರಿಂದ ಭಾಗಿಸಿದಷ್ಟು, ಅಂದರೆ 25. ಶಾಲೆಯ ಸ್ವಂತ ಮಾತಿಗೆ ಕೊಡಬೇಕಾದ ತೂಕ 36ನ್ನು 61ರಿಂದ ಭಾಗಿಸಿದಷ್ಟು, ಸುಮಾರು 0.59. ಕೊರತೆಯನ್ನು ಆ ತೂಕದಿಂದ ಗುಣಿಸಿದರೆ 7 ಬರುತ್ತದೆ. ಶಾಲೆಯ ಅಂದಾಜು 53ಕ್ಕೆ ಏರುತ್ತದೆ. ಅದೇ 48 ಅಂಕ ನೂರು ಮಕ್ಕಳ ಶಾಲೆಯದಾಗಿದ್ದರೆ ತೂಕ 0.94, ಅಂದಾಜು 48.7, ಹೆಚ್ಚೇನೂ ಕದಲುವುದಿಲ್ಲ. ದೊಡ್ಡ ಶಾಲೆ ತಪ್ಪಿಸಿಕೊಳ್ಳಲಾರದು. ಸಣ್ಣದಕ್ಕೆ ಸಂಶಯದ ಲಾಭ ಸಿಗುತ್ತದೆ. ಇದೇ ಅಂಕಿಗಳಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಬೋಧನಾಶೈಲಿಯಂತಹ ಪ್ರಶ್ನೆಯಲ್ಲಿ, ಒಂದು ಶಾಲೆಯಿಂದ ತೆಗೆದುಕೊಂಡ 30 ಮಕ್ಕಳು, ಬೇರೆ ಬೇರೆ ಶಾಲೆಗಳಿಂದ ಆರಿಸಿದ ಕೇವಲ 6 ಮಕ್ಕಳಷ್ಟೇ ಸಾಕ್ಷಿ ಹೇಳಬಲ್ಲರು.

ಈ ಲೆಕ್ಕವನ್ನು ಮೊದಲು ದಿನನಿತ್ಯದ ಬಳಕೆಗೆ ತಂದವರು ಶಿಕ್ಷಣವೇತ್ತರಲ್ಲ, ದನ ಸಾಕುವವರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೆಂಡರ್ಸನ್ 1950ರ ಸುಮಾರಿಗೆ, ಹೋರಿಯ ಯೋಗ್ಯತೆಯನ್ನು ಅದರ ಹೆಣ್ಣುಕರುಗಳು ಮುಂದೆ ಕರೆಯುವ ಹಾಲಿನಿಂದ ಅಳೆಯಲು ಇದನ್ನು ಕಟ್ಟಿದರು. ಐದು ಹಸುಗಳ ತಂದೆಯನ್ನೂ ಐನೂರು ಹಸುಗಳ ತಂದೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಗೋಪಾಲಕರಿಗೆ ಹೊಳೆದ ಎಷ್ಟೋ ವರ್ಷಗಳ ಮೇಲೆ ವಿದ್ಯಾ ಇಲಾಖೆಗಳಿಗೆ ಹೊಳೆಯಿತು. ಕೆಲವಕ್ಕೆ ಇನ್ನೂ ಹೊಳೆದಿಲ್ಲ. ಏರಿಳಿತದ ಯಾವ ಭಾಗ ಯಾವ ಅಂತಸ್ತಿನದೆಂದು ಬಿಡಿಸುವ ಕಠಿಣ ಸಮಸ್ಯೆಗೆ 1970ರ ದಶಕದ ಆರಂಭದಲ್ಲಿ ಒಂದು ಸಾಮಾನ್ಯ ವಿಧಾನವನ್ನು ಕೊಟ್ಟವರು ಸಿ. ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. 2023ರಲ್ಲಿ, ನೂರೆರಡು ವರ್ಷ ದಾಟಿ, ಅವರು ತೀರಿಕೊಂಡಾಗ ಪತ್ರಿಕೆಗಳು ಅವರ ಪ್ರಶಸ್ತಿಗಳ ಪಟ್ಟಿಯನ್ನು ಅಚ್ಚುಹಾಕಿದವು; ನನಗೆ ನೆನಪಾದದ್ದು ಈ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಯಾದೃಚ್ಛಿಕ ಪಕ್ಷದ ವಕೀಲನೆಂದು ವಾಚಕರು ತೀರ್ಮಾನಿಸಿರಬಹುದು. ಬಹುಮಟ್ಟಿಗೆ ಅದು ನಿಜ. ಆದರೆ ಎದುರು ಪಕ್ಷದಲ್ಲಿ ಎರಡು ಬಲವಾದ ಮಾತುಗಳಿವೆ. ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲನೆಯದು ತಾಂತ್ರಿಕವಾದದ್ದು. ಅನುಕೂಲಸ್ಥರ ಮಕ್ಕಳು ಒಳ್ಳೆಯ ಶಾಲೆಗಳಿಗೇ ಹೋಗುತ್ತಾರೆ. ಹಾಗಿದ್ದರೆ ಶಾಲೆಯ ಗುಣವೂ ಮಗುವಿನ ಮನೆಯ ಸ್ಥಿತಿಯೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಯಾದೃಚ್ಛಿಕ ಮಾದರಿಯಾದರೋ ಅವು ಹೆಣೆದುಕೊಂಡಿಲ್ಲವೆಂದು ನಂಬಿ ಹೊರಡುತ್ತದೆ. ಆಗ ಶಾಲೆಯ ಕೀರ್ತಿ ಮನೆಯ ಲೆಕ್ಕಕ್ಕೂ ಮನೆಯ ಕೀರ್ತಿ ಶಾಲೆಯ ಲೆಕ್ಕಕ್ಕೂ ಹೋಗಿಬಿಡಬಹುದು. ಅರ್ಥಶಾಸ್ತ್ರಜ್ಞರು ಸ್ಥಿರ ಪರಿಣಾಮವನ್ನೇ ಬಿಗಿಯಾಗಿ ಹಿಡಿದುಕೊಂಡಿರುವುದು ಈ ಭಯದಿಂದಲೇ, ಮತ್ತು ಆ ಭಯ ನಿರಾಧಾರವಲ್ಲ. 1978ರಲ್ಲಿ ಯಾಯಿರ್ ಮುಂಡ್ಲಾಕ್ ಇದಕ್ಕೊಂದು ಸರಳ ಪರಿಹಾರ ಸೂಚಿಸಿದರು: ಪ್ರತಿಯೊಂದು ಮಗುವಿನ ಮನೆಯ ಸ್ಥಿತಿಯ ಜೊತೆಗೆ ಆ ಶಾಲೆಯ ಮಕ್ಕಳೆಲ್ಲರ ಮನೆಗಳ ಸರಾಸರಿ ಸ್ಥಿತಿಯನ್ನೂ ಸಮೀಕರಣಕ್ಕೆ ಸೇರಿಸಿ. ಆಗ ಮನೆಯ ಸ್ಥಿತಿಯ ಪ್ರಭಾವದ ವಿಷಯದಲ್ಲಿ ಎರಡು ಪಕ್ಷಗಳೂ ಒಂದೇ ಉತ್ತರಕ್ಕೆ ಬರುತ್ತವೆ. ಜಗಳ ಅಲ್ಲಿಗೆ ನಿಲ್ಲಬೇಕಾಗಿತ್ತು. ವಿದ್ವಾಂಸರ ಜಗಳವಾದ್ದರಿಂದ ನಿಂತಿಲ್ಲ.

ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಒಂಬತ್ತು ಮಕ್ಕಳ ಆ ಶಾಲೆ ನಿಜವಾಗಿಯೂ ಅಸಾಧಾರಣವಾಗಿದ್ದರೆ? ಒಬ್ಬ ಉಪಾಧ್ಯಾಯ ಹಗಲಿರುಳು ದುಡಿದು ಮಕ್ಕಳನ್ನು 72ರ ಸರಾಸರಿಗೆ ಏರಿಸಿದ್ದಾನೆ ಎನ್ನಿ. ನಮ್ಮ ಲೆಕ್ಕ ಅವನಿಗೂ ಅದೇ 0.59ನ್ನು ಹಚ್ಚಿ 67ಕ್ಕೆ ಇಳಿಸುತ್ತದೆ. ಕೆಳಗಿರುವವನನ್ನು ಮೇಲೆತ್ತಿದ ಕೈಯೇ ಮೇಲಿರುವವನನ್ನು ಕೆಳಗೆಳೆಯುತ್ತದೆ. ನೂರು ಶಾಲೆಗಳನ್ನು ಒಟ್ಟಿಗೆ ತೆಗೆದುಕೊಂಡರೆ ಇದರಿಂದ ಒಟ್ಟು ತಪ್ಪು ಕಡಮೆಯಾಗುತ್ತದೆಂಬುದು ಗಣಿತದ ಸತ್ಯ. ಆದರೆ ಆ ಒಬ್ಬ ಉಪಾಧ್ಯಾಯನಿಗೆ ಒಟ್ಟು ತಪ್ಪಿನಿಂದ ಆಗಬೇಕಾದದ್ದೇನು? ನನ್ನ ಉತ್ತರ ಇಷ್ಟೆ. 67 ಎಂಬುದು ಅವನ ಯೋಗ್ಯತೆಯಲ್ಲ, ಒಂದು ವರ್ಷದ ಒಂಬತ್ತು ಅಂಕಪಟ್ಟಿಗಳಿಂದ ನಾವು ಧೈರ್ಯವಾಗಿ ಹೇಳಬಹುದಾದಷ್ಟು. ಇನ್ನೂ ಮೂರು ವರ್ಷ ಅವನ ಮಕ್ಕಳು ಹಾಗೆಯೇ ಬಂದರೆ ಸಾಕ್ಷಿಗಳು ಮೂವತ್ತಾರಾಗುತ್ತವೆ, ತೂಕ 0.85ಕ್ಕೆ ಏರುತ್ತದೆ, ಅಂದಾಜು 70ನ್ನು ದಾಟುತ್ತದೆ. ಒಂದೇ ವರ್ಷಕ್ಕೆ ಶಾಲು ಹೊದಿಸುವವರಿಗೆ ಈ ತಾಳ್ಮೆ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ 1992ರಿಂದ ಶಾಲೆಗಳ ಫಲಿತಾಂಶಗಳನ್ನು ಸರಕಾರವೇ ಪ್ರಕಟಿಸತೊಡಗಿದಾಗ, ಪತ್ರಿಕೆಗಳು ಅವನ್ನು ಕಾಲ್ಚೆಂಡಿನ ತಂಡಗಳಂತೆ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿದವು. 1996ರಲ್ಲಿ ಹಾರ್ವೆ ಗೋಲ್ಡ್‌ಸ್ಟೀನ್ ಮತ್ತು ಡೇವಿಡ್ ಸ್ಪೀಗಲ್‌ಹಾಲ್ಟರ್ ಆ ಸಾಲನ್ನು ಬಹುಸ್ತರ ಮಾದರಿಯಿಂದ ಪರೀಕ್ಷಿಸಿ, ಪ್ರತಿಯೊಂದು ಶಾಲೆಯ ಅಂದಾಜಿನ ಸುತ್ತ ಅನಿಶ್ಚಯದ ಗೆರೆಯನ್ನೆಳೆದರೆ ಬಹುಪಾಲು ಶಾಲೆಗಳ ಗೆರೆಗಳು ಒಂದರ ಮೇಲೊಂದು ಬೀಳುತ್ತವೆಂದು ತೋರಿಸಿದರು. ಗೋಲ್ಡ್‌ಸ್ಟೀನ್ ಮತ್ತು ಜಾರ್ಜ್ ಲೆಕ್ಕಿ 2009ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಗುವನ್ನು ಇಂದು ಶಾಲೆಗೆ ಸೇರಿಸುವ ತಂದೆಗೆ ಬೇಕಾದದ್ದು ಕಳೆದ ವರ್ಷದ ಫಲಿತಾಂಶವಲ್ಲ, ಆರೇಳು ವರ್ಷಗಳ ಮೇಲೆ ಬರುವ ಫಲಿತಾಂಶ. ಅದನ್ನು ಮುಂಗಾಣಲು ಹೊರಟರೆ ಸರಾಸರಿಯಿಂದ ಖಚಿತವಾಗಿ ಬೇರ್ಪಡಿಸಬಹುದಾದ ಶಾಲೆಗಳು ಬೆರಳೆಣಿಕೆಯಷ್ಟೇ ಉಳಿಯುತ್ತವೆ. 2020ರಲ್ಲಿ ಕೋವಿಡ್ ಗೋಲ್ಡ್‌ಸ್ಟೀನರನ್ನು ಕೊಂಡೊಯ್ಯಿತು. ಅವರು ಜೀವಮಾನವಿಡೀ ವಿರೋಧಿಸಿದ ಪಟ್ಟಿಗಳು ಅಲ್ಲಿ ಅವರ ಕಾಲಕ್ಕೆ ನಿಲ್ಲಲಿಲ್ಲ.

ನಮ್ಮ ಕಡೆಯೂ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಜಿಲ್ಲೆಗಳನ್ನು ಸಾಲು ನಿಲ್ಲಿಸುವ ಅಭ್ಯಾಸವಿದೆ. ಜಿಲ್ಲೆಯಲ್ಲಿ ಸಾವಿರಾರು ಮಕ್ಕಳಿರುವುದರಿಂದ ಅಲ್ಲಿ ಅದೃಷ್ಟದ ಆಟ ಕಡಮೆ. ಆದರೆ ಶಾಲೆಯ ಮಟ್ಟಕ್ಕೆ ಇಳಿದು, ಒಂದು ವರ್ಷದ ಶೇಕಡಾವಾರು ಲೆಕ್ಕದ ಮೇಲೆ ಹಾರವನ್ನೋ ನೋಟೀಸನ್ನೋ ಹಂಚುವುದು ನನ್ನ ಅಭಿಪ್ರಾಯದಲ್ಲಿ ಅವಿದ್ಯೆ. ಪಟ್ಟಿ ಬೇಕೇ ಬೇಕೆಂದರೆ ಮೂರು ನಾಲ್ಕು ವರ್ಷಗಳನ್ನು ಕೂಡಿಸಲಿ, ಮಕ್ಕಳ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಲಿ, ಅನಿಶ್ಚಯದ ಗೆರೆಯನ್ನು ಅಳಿಸದಿರಲಿ.

ನಮ್ಮ ಆ ಮುಖ್ಯೋಪಾಧ್ಯಾಯರು ನಿವೃತ್ತರಾದ ಬಹಳ ಕಾಲದ ಮೇಲೆ ಒಮ್ಮೆ ಅವರ ಮನೆಯ ಜಗುಲಿಯಲ್ಲಿ ಕುಳಿತು ಈ ಲೆಕ್ಕವನ್ನೆಲ್ಲ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಗಮನವಿಟ್ಟು ಕೇಳಿದರು. 48 ಅಂಕ 53 ಆದದ್ದನ್ನು ಕಂಡು ನಕ್ಕರು. ಆಮೇಲೆ ಕೇಳಿದರು: “ನಮ್ಮನ್ನು ಸರಾಸರಿಯ ಕಡೆಗೆ ಎಳೆದಿರಿ, ಸರಿ. ಯಾರ ಸರಾಸರಿ? ಪೇಟೆಯ ಶಾಲೆಗಳೂ ನಮ್ಮದೂ ಒಂದೇ ಕುಟುಂಬವೆಂದು ನಿಮಗೆ ಹೇಳಿದವರಾರು? ನೀವು ಬರುವ ಮುಂಚೆ ಎರಡು ವರ್ಷ ನಮ್ಮಲ್ಲಿ ಗಣಿತದ ಮೇಷ್ಟರೇ ಇರಲಿಲ್ಲ.” ಮೇಷ್ಟರಿಲ್ಲದ ವರ್ಷಗಳನ್ನೂ ಸಮೀಕರಣಕ್ಕೆ ಸೇರಿಸಬಹುದು, ಹಳ್ಳಿಯ ಶಾಲೆಗಳಿಗೆ ಅವುಗಳದೇ ಸರಾಸರಿಯನ್ನು ಇಡಬಹುದು ಎಂದೆ. “ಸೇರಿಸಿ ಹಾಗಾದರೆ,” ಎಂದು ಕ್ಯಾಲೆಂಡರನ್ನು ನನ್ನ ಕಡೆಗೆ ಸರಿಸಿ, ಕಾಫಿ ತರಲು ಒಳಗೆ ಹೋದರು.